ತಗಡಿನ ಸರದಾರ

ಭೀಮಾ ದಂಡೆಯ ಹಾಳು ಕೋಟೆಯಲ್ಲಿ ಪ್ರತಿ ಬೇಸಿಗೆ ಜೇವರ್ಗಿಯ ಯುವಕ ಸಂಘದವರು ಡೇರೆ ಹಾಕಿ, ಹಳೆಯ ಕಾಲದ ಯುದ್ಧವೊಂದನ್ನು ಆಡಿ ತೋರಿಸುತ್ತಿದ್ದರು. ಪ್ರತಿ ಸಲವೂ ಸಾಯುವ ಪಾಳಿ ದರ್ಜಿ ರಾಜೇಸಾಬನದು. ಈ ಸಲ ಜಗಳ ತೆಗೆದು ಗೆಲ್ಲುವ ಸರದಾರನ ಪಾತ್ರ ಗಿಟ್ಟಿಸಿದ್ದ. ಎದುರು ದಂಡಿನ ಮಲ್ಲಣ್ಣ ನಾಳೆ ಅವನ ಮುಂದೆ ಮಂಡಿಯೂರಿ ಕತ್ತಿ ಒಪ್ಪಿಸುವುದನ್ನು ನೋಡಲು ಮಾವನ ಮನೆಯವರೆಲ್ಲ ಸಂಜೆಯೇ ಬಂದಿಳಿದಿದ್ದರು. ಅವರಿಗೆ ತೋರಿಸಲೆಂದು ರಾಜೇಸಾಬ ಎಣ್ಣೆ ಡಬ್ಬಿಯ ತಗಡಿನ ಕವಚವನ್ನು ಆಗಲೇ ತೊಟ್ಟು, ಜಾರದಿರಲೆಂದು ಜುಬ್ಬಾ ಪಾಯಜಾಮಕ್ಕೆ ಸೇರಿಸಿ ಸುತಳಿಯಿಂದ ಹೊಲಿದುಕೊಂಡಿದ್ದ.

ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಡೇರೆಗಳು ಕೊಕ್ಕರೆಗಳಂತೆ ಹೊಳೆಯತ್ತ ಹಾರಿದವು. ಆಲಿಕಲ್ಲು ಬಿತ್ತು, ಸಿಡಿಲು ಹೊಡೆಯಿತು. ಎರಡೂ ದಂಡಿನವರು ತಾಲೀಮಿಗೆಂದು ತೊಟ್ಟಿದ್ದ ತಗಡು ಕಿತ್ತೆಸೆದು ಕೋಟೆ ಬಾಗಿಲಿನ ಕಮಾನಿನೊಳಗೆ ನುಗ್ಗಿದರು. ರಾಜೇಸಾಬ ಮಾತ್ರ ಬಯಲಲ್ಲೇ ನಿಂತ. ಡೇರೆ ಹೋದ ಮೇಲೆ ನಾಳೆ ಯುದ್ಧವೆಲ್ಲಿ, ಗೆಲುವೆಲ್ಲಿ?

“ತಗಡು ತಗಿ ಲೇ, ಸಿಡ್ಲಿಗೆ ಹಪ್ಪಳ ಆಗ್ತಿ,” ಎಂದ ಮಲ್ಲಣ್ಣ.

“ಮೊದಲ ನೀ ಶರಣಾಗು. ಆಮ್ಯಾಲ ತಗೀತೇನಿ.”

“ಕತ್ತಿ ಹಾರಿ ಹೋಗ್ಯಾದೋ.”

“ಕೈಗೆ ಸಿಕ್ಕಿದ್ದು ಕೊಡು.”

ಮಲ್ಲಣ್ಣ ಓಡಿಬಂದು ಕೆಸರಿನಲ್ಲಿ ಮಂಡಿಯೂರಿ, ಅಡುಗೆಯ ಸೌಟು ಒಪ್ಪಿಸಿದ.

“ಗೆದ್ರಿ, ಎಲ್ಲಾರೂ ನೋಡ್ಯಾರ. ಈಗರೆ ಒಳಗ ಬರ್ರಿ,” ಎಂದು ಕಮಾನಿನೊಳಗಿಂದ ಹೆಂಡತಿ ಫಕ್ರುನ್ನಿಸಾ ಕೂಗಿದಳು.

ಆದರೆ ನೆಂದ ಸುತಳಿ ಬಿಚ್ಚಲೊಲ್ಲದು. ಸೋತ ದಂಡೆಲ್ಲ ಓಡಿಬಂದು ಸರದಾರನ ಮೇಲೆ ಬಿದ್ದು, ತಗಡಿನ ಜತೆಗೆ ಜುಬ್ಬಾ ಪಾಯಜಾಮವನ್ನೂ ಪರಪರ ಹರಿದೆಸೆಯಿತು. ಪಟ್ಟೆಪಟ್ಟೆ ಚಡ್ಡಿಯಲ್ಲಿ, ಸೌಟನ್ನು ಮೇಲಕ್ಕೆತ್ತಿ ಹಿಡಿದು, ರಾಜೇಸಾಬ ಎದೆಯುಬ್ಬಿಸಿ ಕೋಟೆಯೊಳಗೆ ನಡೆದ.

ಮಾವ ಗಂಭೀರವಾಗಿ ಎದ್ದು ನಿಂತು ಸಲಾಮು ಮಾಡಿದರು.