ನಾಲ್ಕು ಸಾವಿರ ವರ್ಷದ ಬಿಯರು

ಊರಲ್ಲಿ ಬಸಳೆ ಬುಡಕ್ಕೆ ಒಂದು ಬುಟ್ಟಿ ಮಣ್ಣೂ ಹಾಕದ ನನ್ನ ಗಂಡ ಮುಂಡಪ್ಪನಿಗೆ ಬಹ್ರೈನಿನಲ್ಲಿ ಸಿಕ್ಕಿದ್ದು ಮಣ್ಣು ಅಗೆಯುವ ಕೆಲಸ! ಅದು ತೊಂಬತ್ತೈದನೇ ಇಸವಿ. ಇಂಗ್ಲೆಂಡಿನ ಮೇಡಂ ಒಬ್ಬರು ಹಳ್ಳಿಯೊಂದರ ಪಕ್ಕದ ದಿಬ್ಬ ಅಗೆಸುತ್ತಿದ್ದರು. ನಾಲ್ಕು ಸಾವಿರ ವರ್ಷದ ಹಿಂದೆ ಹಳ್ಳಿಯವರು ಅಲ್ಲಿ ಬಿಯರು ತಯಾರಿಸುತ್ತಿದ್ದರು ಎಂಬುದು ಅವರ ಹಟ. ಇಡೀ ಚಳಿಗಾಲ ಅಗೆದು ಸಿಕ್ಕಿದ್ದು ಮೀನಿನ ಮುಳ್ಳು. ಕೊನೆಗೊಂದು ದಿನ ಒಲೆಯೂ ಮಡಕೆಗಳ ಸಾಲೂ ಕಂಡವು.

ಮರುದಿನ ಇವರು, "ಸುಂದರಿ, ಕೊರಗಜ್ಜನಿಗೆ ಹರಕೆ ಉಂಟು, ಸ್ವಲ್ಪ ಚಕ್ಕುಲಿ ಮಾಡು" ಎಂದರು. ಅಜ್ಜ ನಮ್ಮ ಕಡೆಯ ದೈವ; ಕಳೆದದ್ದು ಸಿಕ್ಕಿದರೆ ಅವನಿಗೆ ಕಳ್ಳು, ಚಕ್ಕುಲಿ, ವೀಳ್ಯ ಇಡುವುದು ಪದ್ಧತಿ. ಏನು ಕಳೆದಿತ್ತೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಬಹ್ರೈನಿನಲ್ಲಿ ನಾವಿದ್ದ ಅರಾದಿನಲ್ಲಿ ಕಳ್ಳು ಎಲ್ಲಿಂದ ಬರಬೇಕು? ಒಂದು ಟಿನ್ ಬಿಯರು ಹಿಡಿದುಕೊಂಡು ಹೋದರು.

ತಿಂಗಳು ಕಳೆದು ಒಂದು ಸಂಜೆ ಎದೆ ಉಬ್ಬಿಸಿಕೊಂಡು ಬಂದರು.

"ಲಂಡನ್ನಿನ ಲ್ಯಾಬಿಂದ ರಿಪೋರ್ಟ್ ಬಂತು ಮಾರಾಯ್ತಿ! ದೊಡ್ಡ ಮಡಕೆಯಲ್ಲಿ ಇದ್ದದ್ದು ಬಾರ್ಲಿ ಬಿಯರೇ ಅಂತೆ. ಜೊತೆಗೆ ಅಕ್ಕಿ, ಉದ್ದು, ಎಳ್ಳು, ಜೀರಿಗೆಯೂ ಉಂಟಂತೆ. ಆ ಕಾಲದಲ್ಲೇ ನಮ್ಮ ಕಡೆಯವರು ಇಲ್ಲಿಗೆ ಬಂದಿದ್ರು ಅಂತ ಮೇಡಂ ನಾಳೆ ದೊಡ್ಡವರ ಎದುರು ಭಾಷಣ ಮಾಡ್ತಾರೆ."

ಅಕ್ಕಿ, ಉದ್ದು, ಎಳ್ಳು, ಜೀರಿಗೆ ಎಂದು ನಾನು ಬೆರಳಲ್ಲಿ ಎಣಿಸಿದೆ. "ಅಜ್ಜನಿಗೆ ಎಲ್ಲಿ ಇಟ್ಟದ್ದು ನೀವು?"

"ಆ ಮಡಕೆಯಲ್ಲೇ. ಮೇಡಂ ಬೈತಾರೆ ಅಂತ ಚಕ್ಕುಲಿ ಪುಡಿ ಮಾಡಿ, ಬಿಯರು ಹೊಯ್ದು, ಮೇಲಿಂದ ಮಣ್ಣು ಮುಚ್ಚಿದೆ."

"ನಿಮ್ಮ ತಲೆ! ಆ ರಿಪೋರ್ಟಲ್ಲಿ ಇರುವುದು ನನ್ನ ಚಕ್ಕುಲಿ ಮಾರಾಯ್ರೆ! ನಮ್ಮ ಕಡೆಯವರು ಬಂದದ್ದು ಹೋದ ತಿಂಗಳು!"

ಹೇಳಿದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ಹೇಳದಿದ್ದರೆ ಆ ಹೆಂಗಸು ನನ್ನ ಚಕ್ಕುಲಿ ಹಿಡಿದುಕೊಂಡು ಲೋಕದ ಎದುರು ನಗೆಪಾಟಲಾಗಬೇಕು. "ಸುಮ್ಮನಿರುವ" ಎಂದರು ಇವರು. ನನ್ನ ಅಡುಗೆಯ ಮೇಲೆ ಸುಳ್ಳು ಇತಿಹಾಸ ಕಟ್ಟುವುದಕ್ಕೆ ನಾನು ಬಿಡುತ್ತೇನೆಯೇ? ಬೆಳಿಗ್ಗೆ ಇವರನ್ನು ದಿಬ್ಬಕ್ಕೆ ಎಳೆದುಕೊಂಡೇ ಹೋದೆ.

ನಡೆದದ್ದೆಲ್ಲ ಕೇಳಿದ ಮೇಡಂ ಕೆಂಡಾಮಂಡಲವಾದರು. "ಯಾಕೆ ಮುಂಡಪ್ಪ, ಯಾಕೆ?" ಎಂದು ಹರಕು ಹಿಂದಿಯಲ್ಲಿ ಕಿರುಚಿದರು.

ಇವರು ತಲೆ ಎತ್ತಲಿಲ್ಲ. "ನೀವು ಟೆಂಟಿನ ಹಿಂದೆ ಕೂತು ಅಳ್ತಿದ್ರಲ್ಲ ಮೇಡಂ, ಅವತ್ತು ಹೇಳಿಕೊಂಡ ಹರಕೆ. ನೀವು ಹುಡುಕುವುದು ಸಿಗಲಿ ಅಂತ. ಸಿಕ್ಕಿತಲ್ಲ, ಕೊಡದೆ ಇದ್ರೆ ಆಗ್ತದಾ?"

ಇದು ನನಗೂ ಗೊತ್ತಿರಲಿಲ್ಲ. ಎಳೆದುಕೊಂಡು ಬಂದಿದ್ದ ಇವರ ಕೈ ಬಿಟ್ಟೆ. ಮೇಡಂ ಗುಂಡಿಯ ಅಂಚಿನಲ್ಲಿ ಹಾಗೇ ಕೂತರು. ಮೂಗು ಒರೆಸಿಕೊಂಡು, ಕೈಯಲ್ಲಿದ್ದ ಭಾಷಣದ ಕಾಗದ ಹರಿದು ಹಾಕಿದರು.

"ಉಳಿದ ಮಡಕೆಗಳಲ್ಲಿ ಏನು ಹಾಕಿದ್ದೀಯ?"

"ಏನೂ ಇಲ್ಲ ಮೇಡಂ. ಟಿನ್ ಒಂದೇ ಇದ್ದದ್ದು."

ಅವರು ಎದ್ದು ಇವರ ಕೈಗೆ ಮಣ್ಣು ಕೆರೆಯುವ ಕರಣೆ ಕೊಟ್ಟರು.

"ಇಳಿ ಕೆಳಗೆ. ಇನ್ನು ಮೇಲೆ ಮೊದಲು ನನ್ನ ಸ್ಯಾಂಪಲ್, ಆಮೇಲೆ ನಿನ್ನ ಅಜ್ಜ."