ಮುರುಗಲ ಹುಳಿಯ ಬಾಟಲಿ

ತೆಂಗಿನೆಣ್ಣೆಗೆ ಕಾಸ್ಟಿಕ್ ನೀರು ಸೇರಿಸಿ ನಾನೂ ಲತಾಳೂ ತೊಳಸುತ್ತಿದ್ದೆವು. ಶಿರವಾಡದ ನಮ್ಮ ಸಾಬೂನಿನ ಸಂಘಕ್ಕೆ ಅವಳು ಹೊಸಬಳು, ಎಲ್ಲರಂತೆ ನನ್ನನ್ನು ಆಯಿ ಎನ್ನುತ್ತಿದ್ದಳು.

“ಎಣ್ಣೆಯಿಂದ ಮಾಡಿದ್ದು ಎಣ್ಣೆ ಜಿಡ್ಡು ಹೇಗೆ ತೆಗೀತದೆ ಆಯಿ?”

“ಸಾಬೂನಿಗೆ ಎರಡು ತುದಿ. ಒಂದು ಜಿಡ್ಡು ಹಿಡೀತದೆ, ಇನ್ನೊಂದು ನೀರು. ನೀರು ಹೋಗುವಾಗ ಜಿಡ್ಡನ್ನೂ ಎಳ್ಕೊಂಡು ಹೋಗ್ತದೆ.”

“ಮೆಲ್ಲಗೆ ಮಾರಾಯ್ತಿ, ಅದು ನಿನ್ನ ಅತ್ತೆ ತಲೆ ಅಲ್ಲ,” ಅಚ್ಚು ಒರೆಸುತ್ತಿದ್ದ ದುರ್ಗಿ ಕೆಣಕಿದಳು.

ಲತಾ ನಕ್ಕಳು, ಕೋಲು ಜಾರಿತು, ಮೊಣಕೈಗೆ ಹನಿ ಸಿಡಿಯಿತು. “ಅಯ್ಯೋ, ಉರೀತದೆ!”

ದುರ್ಗಿ ಓಡಿದ್ದು ನಲ್ಲಿಗಲ್ಲ, ಕಪಾಟಿಗೆ. ಮುರುಗಲ ಹುಳಿನೀರಿನ ಕೆಂಪು ಬಾಟಲಿ ತಂದಳು. ನಾನು ಅದನ್ನು ಕಿತ್ತುಕೊಂಡು ಲತಾಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ.

“ಹುಳಿ ಹಾಕಿದ್ರೆ ಕ್ಷಾರ ಸಾಯ್ತದೆ ಅಂದವಳು ನೀನೇ ಅಲ್ಲ ಆಯಿ? ಸುಗಂಧಾಳ ಕಣ್ಣಿಗೂ ಅದನ್ನೇ ಹಾಕಿದ್ಯಲ್ಲ?” ಎಂದಳು ದುರ್ಗಿ.

ಹಾಕಿದ್ದೆ, ಕಳೆದ ಮಳೆಗಾಲದಲ್ಲಿ, ಇಲ್ಲೇ ನಮ್ಮೊಂದಿಗೆ ತೊಳಸುತ್ತಿದ್ದ ಸುಗಂಧಾಳ ಕಣ್ಣಿಗೆ ಕಾಸ್ಟಿಕ್ ಸಿಡಿದಾಗ. ರಾತ್ರಿ ಶಾಲೆಯಲ್ಲಿ ಕಲಿತಿದ್ದೆ: ಹುಳಿಯೂ ಕ್ಷಾರವೂ ಸೇರಿದರೆ ಎರಡರ ಗುಣವೂ ಹೋಗುತ್ತದೆ. ಸೇರುವಾಗ ಕಾವು ಹುಟ್ಟುತ್ತದೆ ಎಂಬ ಉಳಿದರ್ಧ ಮರೆತಿದ್ದೆ. ಚೀರುತ್ತಿದ್ದ ಸುಗಂಧಾಳ ರೆಪ್ಪೆ ಬಿಡಿಸಿ ಹುಳಿ ಸುರಿದೆ. ಅವಳು ತಡೆಯಲಿಲ್ಲ, ನನ್ನನ್ನು ನಂಬಿದ್ದಳು.

ಕೂಡಲೇ ನೀರಿನಿಂದ ಏಕೆ ತೊಳೆಯಲಿಲ್ಲ ಎಂದು ಕಾರವಾರದ ಡಾಕ್ಟರು ಕೇಳಿದರು. “ಹಟ ಮಾಡಿದಳು, ತೊಳೆಯಲು ಬಿಡಲಿಲ್ಲ,” ಎಂದುಬಿಟ್ಟೆ.

ಒಂದು ಕಣ್ಣು ಹೋಯಿತು. ಹಟಮಾರಿ ತನ್ನ ಕಣ್ಣು ತಾನೇ ಕಳೆದುಕೊಂಡಳು ಎಂದು ಗಂಡನ ಮನೆಯವರು ಅವಳನ್ನು ಹಣಕೋಣಕ್ಕೆ, ತವರಿಗೆ ಕಳಿಸಿದರು. ನೋಡಲು ಹೋದಾಗ, “ಆ ನೋವಲ್ಲಿ ನಂಗೆ ನೆನಪೇ ಇಲ್ಲ. ನಾನೇ ಬಿಡಲಿಲ್ಲವಂತೆ, ನಂದೇ ತಪ್ಪು ಆಯಿ,” ಎಂದು ಸುಗಂಧಾ ನನಗೇ ಚಹಾ ಕೊಟ್ಟಳು. ಕುಡಿದು ಬಂದೆ.

ಆ ಬಾಟಲಿಯನ್ನು ಕಪಾಟಿನಿಂದ ತೆಗೆಯಬೇಕಿತ್ತು. ತೆಗೆದರೆ ಕಾರಣ ಹೇಳಬೇಕಿತ್ತು.

“ಸುಗಂಧಾ ಹಟ ಮಾಡಲಿಲ್ಲ,” ಎಂದೆ. “ನೀರು ಹಾಕದವಳು ನಾನು. ಡಾಕ್ಟರಿಗೆ ಸುಳ್ಳು ಹೇಳಿದೆ.”

ದುರ್ಗಿ ನನ್ನ ಕೈಯಿಂದ ಬಾಟಲಿ ತೆಗೆದು ಕೆಳಗಿಟ್ಟಳು. ನಲ್ಲಿ ಹರಿಯುತ್ತಿತ್ತು.

“ಅವಳಿಗೆ ಹೇಳಿದ್ಯಾ?”

“ಕಾಗದ ಬರೆದಿಟ್ಟಿದ್ದೆ.”

“ಯಾವಾಗ?”

“ಚೌತಿ ಆದ್ಮೇಲೆ.”

“ಸುಗ್ಗಿ ಬಂತಲ್ಲ ಆಯಿ!”

ಗಡಿಯಾರ ನೋಡಿ ಅರ್ಧ ಗಂಟೆ ಲತಾಳ ಕೈ ತೊಳೆಸಿದೆ. ಕೆಂಪಾಗಿತ್ತು, ಸುಲಿದಿರಲಿಲ್ಲ. ಹುಳಿನೀರನ್ನು ಮೋರಿಗೆ ಚೆಲ್ಲಿ ಮನೆಗೆ ಹೋದೆ. ಅಕ್ಕಿ ಡಬ್ಬದ ಅಡಿಯಿಂದ ಎರಡು ಲಕೋಟೆ ತೆಗೆದೆ, ಒಂದು ಸುಗಂಧಾಳಿಗೆ, ಒಂದು ಅವಳ ಗಂಡನಿಗೆ. ಅಂಟಿದ್ದ ಅಕ್ಕಿ ಹುಡಿ ಒರೆಸಿದೆ.

ಅಂಚೆ ಪೆಟ್ಟಿಗೆಯ ಬಾಯಿಗೆ ತುಕ್ಕು ಹಿಡಿದಿತ್ತು. ಬೆರಳು ತೂರಿಸಿ ಎರಡನ್ನೂ ಒಳಗೆ ನೂಕಿದೆ.