ಅಕ್ಕನ ಫೋನಿಗೆ ಬರುವ ಓಟಿಪಿ

“ಓಟಿಪಿ ಹೇಳಿ ಮೇಡಂ,” ಎಂದರು ಅಕೌಂಟೆಂಟರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ನನ್ನ ಫೋನು ತೆಪ್ಪಗೆ ಬಿದ್ದಿತ್ತು. ಬರುವುದಾದರೂ ಹೇಗೆ? ಹೊಲಿಗೆ ಅಂಗಡಿಯನ್ನು ತೆರಿಗೆಗೆ ನೋಂದಾಯಿಸಿದಾಗ ಕೊಟ್ಟದ್ದು ಅಕ್ಕನ ನಂಬರು. ಆಗ ಇಬ್ಬರೂ ಎದುರುಬದುರು ಮೆಷಿನ್ನು ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೆವು. ತೆರಿಗೆ ರಿಟರ್ನ್ ಸಲ್ಲಿಸುವ ಗಡುವು ಬಂದಾಗ ಅವಳು ಓಟಿಪಿ ಓದುವುದು, ನಾನು ಬರೆದುಕೊಳ್ಳುವುದು. ಆಮೇಲೊಂದು ದಿನ, “ನಷ್ಟದಲ್ಲೇ ಎಷ್ಟು ದಿನ ಹೊಲಿಯೋದು? ಮುಚ್ಚಿಬಿಡೋಣ ಕಣೇ,” ಎಂದಳು. “ಬೇಕಾದ್ರೆ ನೀನು ಹೋಗು,” ಎಂದೆ ನಾನು. ಮಹಾರಾಯ್ತಿ ಹೋಗಿಯೇಬಿಟ್ಟಳು! ಅಂದಿನಿಂದ ಮಾತಿಲ್ಲ ಕತೆಯಿಲ್ಲ.

ಅವಳ ಹಂಗೇ ಬೇಡವೆಂದು ಹಿಂದಿನ ಎರಡು ಗಡುವುಗಳನ್ನು ಕೈಬಿಟ್ಟಿದ್ದೆ. ದಂಡ ಬೆಳೆಯುತ್ತಿತ್ತು, ಜೊತೆಗೆ ನನ್ನ ಹಟವೂ.

“ಒಂದು ಫೋನ್ ಮಾಡೋಕಾಗದೆ ಇಷ್ಟು ದಂಡ ತೆರೋರನ್ನ ನಾನು ನೋಡೇ ಇಲ್ಲ,” ಎಂದರು ಅಕೌಂಟೆಂಟರು. “ಇವತ್ತು ಸಂಜೆಯೊಳಗೆ ಎಲ್ಲ ರಿಟರ್ನ್ ಸೇರಿಸಿ ಸಲ್ಲಿಸದಿದ್ರೆ ನೋಂದಣಿನೇ ರದ್ದು. ಆಮೇಲೆ ಶಾಲೆಯವರು ನಿಮ್ಮ ಬಿಲ್ ಮುಟ್ಟಲ್ಲ.”

ಶಾಲೆಯ ಆರ್ಡರು ಹೋದರೆ ಅಂಗಡಿಯೇ ಹೋದ ಹಾಗೆ. ಕತ್ತರಿಸಿದ ನೀಲಿ ಬಟ್ಟೆಯನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟು ಬಂದಿದ್ದೆ. ಕೊನೆಗೂ ಅಕ್ಕನ ಮಾತೇ ನಿಜವಾಗುತ್ತದಲ್ಲ ಎಂದು ಹೊಟ್ಟೆ ಬೇರೆ ಉರಿಯುತ್ತಿತ್ತು. ಹಾಳಾಗಿ ಹೋಗಲಿ ಎಂದು ಫೋನು ಮಾಡಿದೆ.

ಒಂದೇ ರಿಂಗಿಗೆ ಎತ್ತಿದಳು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. ಆರು ಅಂಕೆ ಓದಿದಳು, ಇಟ್ಟುಬಿಟ್ಟಳು. ಬಿಗುಮಾನದಲ್ಲಿ ನನ್ನ ಅಕ್ಕನೇ ಸರಿ!

“ಸಲ್ಲಿಕೆ ಆಯ್ತು,” ಎಂದರು ಅಕೌಂಟೆಂಟರು. ಹೋದ ಜೀವ ಬಂದಂತಾಯಿತು. “ಇನ್ನು ಈ ಪಜೀತಿ ಬೇಡ, ನಿಮ್ಮ ನಂಬರೇ ಹಾಕಿಬಿಡ್ತೀನಿ,” ಎಂದವರು ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೇನೋ ಒತ್ತಿಯೇಬಿಟ್ಟರು.

ನನ್ನ ಫೋನು ಹೊಡೆದುಕೊಂಡಿತು. ಈ ಸಲ ಅಕ್ಕನೇ ಮಾಡಿದ್ದಳು.

“ನಂಬರ್ ಬದಲಾಯಿಸೋಕೆ ಓಟಿಪಿ ಅಂತ ಬಂದಿದೆ, ಬರ್ಕೋ,” ಎಂದಳು. “ಹೋದ ಎರಡು ಸಲಾನೂ ಕೊನೇ ದಿನ ಫೋನ್ ಹಿಡ್ಕೊಂಡೇ ಕೂತಿದ್ದೆ ಕಣೇ. ಮೆಸೇಜ್ ಬರಲೇ ಇಲ್ಲ. ಅಂಗಡಿ ಮುಚ್ಚಿಬಿಟ್ಲೇನೋ ಅಂತ ಅತ್ತೂಬಿಟ್ಟೆ. ಹೋಗ್ಲಿ ಬಿಡು, ಇನ್ನು ನನಗೆ ಆ ಕಾಯೋ ಕೆಲಸಾನೂ ಇಲ್ಲ. ಬರ್ಕೋ.”

ಪೆನ್ನು ಕೈಯಲ್ಲೇ ಇತ್ತು. ಬೇಗ ಹೇಳಿ ಎಂದು ಅಕೌಂಟೆಂಟರು ಸನ್ನೆ ಮಾಡುತ್ತಿದ್ದರು. ಕಣ್ಣು ಮಂಜಾಗಿ ಅವರ ಮುಖವೇ ನನಗೆ ಕಾಣಲಿಲ್ಲ.

“ಅದು ಬೇಡ ಅಕ್ಕಾ,” ಎಂದೆ. “ನಂಬರು ನಿಂದೇ ಇರಲಿ. ಮುಂದಿನ ಗಡುವಿಗೂ ನಿನ್ನನ್ನೇ ಕೇಳ್ತೀನಿ.”

ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

“ನನಗೆ ಫೋನ್ ಮಾಡೋಕೆ ಗಡುವೇ ಬರಬೇಕೇನೇ?” ಎಂದಳು.